ಗೊಂಡೆ ಟೊಪ್ಪಿ

ಹಳೆಯ ಬಟ್ಟೆಗಳನ್ನು ಅಳತೆಗೆ ತಕ್ಕಂತೆ ಬಿಚ್ಚಿ ಹೊಲಿದುಕೊಡುವುದು ಅವಳ ಕಸುಬು. ಗಂಡ ತೀರಿಹೋದ ಮೇಲೆ ಅವಳಿಗೆ ಉಳಿದ ಆಸರೆ ಕೆಳಮನೆಯ ಟೀಚರಮ್ಮ ಒಬ್ಬರೇ. ಒಲೆ ಹಚ್ಚಲು ಕೈ ಏಳದ ದಿನಗಳಲ್ಲಿ ಅವರು ಬಿಸಿ ಊಟ ತಂದಿಟ್ಟು, ಕೊನೆಯ ತುತ್ತು ಇಳಿಯುವ ತನಕ ಎದುರಿಗೇ ಕೂತಿರುತ್ತಿದ್ದರು. ಹೆತ್ತವಳೂ ಇಷ್ಟು ಮಾಡಲಿಕ್ಕಿಲ್ಲ ಎಂದುಕೊಂಡಿದ್ದಳು.

ಹಾಗಾಗಿ ಚರ್ಚಿನ ಮಕ್ಕಳ ನಾಟಕಕ್ಕೆ ಉಡುಪು ಹೊಲಿಯಲು ಅವರು ಕರೆದಾಗ ಇಲ್ಲವೆನ್ನಲಿಲ್ಲ. ಏಸುಸ್ವಾಮಿ ಹೇಳಿದ ಕಥೆಯೇ ನಾಟಕ. ಏಟು ತಿಂದು ದಾರಿಯಲ್ಲಿ ಬಿದ್ದವನನ್ನು ಯಾಜಕ ಕಂಡೂ ಕಾಣದಂತೆ ದಾಟಿಹೋಗುತ್ತಾನೆ. ಯಾರೂ ಹತ್ತಿರ ಸೇರಿಸದ ಪರಊರಿನವನು ಗಾಯ ಕಟ್ಟಿ, ತನ್ನ ಕತ್ತೆಯ ಮೇಲೆ ಕೂರಿಸಿಕೊಂಡು ಹೋಗುತ್ತಾನೆ.

“ಟೀಚರ್, ನಂಗೇ ಯಾಕೆ ಕತ್ತೆ ಪಾರ್ಟು?” ಚರ್ಚಿನ ಮಹಡಿಯಲ್ಲಿ ಹುಡುಗಿಯೊಬ್ಬಳು ಮುಖ ಊದಿಸಿದಳು.

“ಸುಮ್ನಿರೇ. ಇಡೀ ಕಥೆಯಲ್ಲಿ ಭಾರ ಹೊರೋದು ಕತ್ತೆ ಒಂದೇ.”

ಸೂಜಿ ಹಿಡಿದಿದ್ದ ಅವಳಿಗೂ ನಗು ಬಂತು. ನಗು ಇನ್ನೂ ತನ್ನಲ್ಲಿದೆ ಎಂದು ಅವಳಿಗೇ ಆಶ್ಚರ್ಯವಾಯಿತು.

“ಯಾಜಕ ಒಳ್ಳೆಯವನಲ್ವಾ? ಮತ್ಯಾಕೆ ನಿಲ್ಲಲಿಲ್ಲ?” ಕತ್ತೆ ಮತ್ತೆ ಕೇಳಿತು.

ಟೀಚರಮ್ಮ ತಡೆದು, ಸೂಜಿ ಹಿಡಿದವಳ ಕಡೆ ತಿರುಗಿದರು. “ಬಿದ್ದವನನ್ನ ನೋಡಿದ್ರೆ ಕುಡುಕ ಅನ್ನಿಸ್ಬೇಕು. ಹೆಂಗಸರ ಉಣ್ಣೆ ಟೊಪ್ಪಿ ಒಂದು ಮಾಡು ಮಗಳೇ. ಕಿವಿ ಹತ್ರ ಗೊಂಡೆ ನೇತಾಡ್ತಿರ್ಲಿ. ಒಂದು ನೀಲಿ, ಒಂದು ಹಳದಿ. ಕಣ್ಣಿನ ಮೇಲೆ ಜಾರಿರ್ಬೇಕು.”

ಅವಳ ಕೈ ನಿಂತಿತು.

ಅಂಥದೊಂದು ಟೊಪ್ಪಿ ಅವಳಲ್ಲಿತ್ತು. ಅವಳೇ ಹೆಣೆದದ್ದು. ನೀಲಿ ಉಣ್ಣೆ ಸಾಲದೆ ಒಂದು ಗೊಂಡೆಗೆ ಹಳದಿ ಹಾಕಿದ್ದಳು. ನಾಚಿಕೆಯಿಂದ ಒಮ್ಮೆಯೂ ಹೊರಗೆ ತೊಟ್ಟಿರಲಿಲ್ಲ. ಅವನು ತೀರಿಹೋದ ದಿನ, ಬೆಳಗಿನ ಚಳಿಯಲ್ಲಿ, ಸೈಕಲ್ಲಿನಲ್ಲಿ ಬ್ರೆಡ್ಡು ಹಂಚಲು ಹೊರಟ ಗಂಡನ ತಲೆಗೆ ಅದನ್ನೇ ತುರುಕಿದ್ದಳು. “ಇದನ್ನ ನೋಡಿದ್ರೆ ಕತ್ತೆನೂ ನಗುತ್ತೆ ಕಣೇ” ಎಂದವನು, ಹಾಗೇ ಹಾಕಿಕೊಂಡು ಹೋಗಿದ್ದ. ಆಸ್ಪತ್ರೆಯವರು ಬೂಟು, ಬೆಲ್ಟು ಕೊಟ್ಟರು; ಟೊಪ್ಪಿ ಕೊಡಲಿಲ್ಲ. ದಾರಿಯಲ್ಲಿ ಬಿದ್ದಿದ್ದವನನ್ನು ಸ್ವಲ್ಪ ಮುಂಚೆ ಕರೆತಂದಿದ್ದರೆ ಉಳಿಯುತ್ತಿದ್ದ ಎಂದರು. ಟೊಪ್ಪಿಯ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಮಕ್ಕಳು ಹೋಗುವವರೆಗೆ ಕಾದಳು.

“ಅವತ್ತು ಬೆಳಗ್ಗೆ ಆ ದಾರೀಲಿ ಬಂದಿದ್ರಾ?”

ಯಾವತ್ತು ಎಂದು ಟೀಚರಮ್ಮ ಕೇಳಲಿಲ್ಲ. ಊರುಗೋಲು ಪಕ್ಕಕ್ಕಿಟ್ಟು ಬೆಂಚಿನ ಮೇಲೆ ಕೂತರು.

“ಪ್ರಾರ್ಥನೆಗೆ ಬಾಗಿಲು ತೆಗೀಬೇಕಿತ್ತು, ಬೀಗದ ಕೈ ನನ್ನ ಹತ್ರ ಇತ್ತು. ಯಾವನೋ ಕುಡಿದು ಬಿದ್ದಿದ್ದಾನೆ ಅಂದ್ಕೊಂಡು ಆ ಬದಿಗೆ ದಾಟಿಬಿಟ್ಟೆ. ಮುಖ ಕಾಣ್ಲಿಲ್ಲ. ನಿನ್ನ ಗಂಡ ಅಂತ ಗೊತ್ತಿದ್ರೆ ಬಿಟ್ಟು ಹೋಗ್ತಿದ್ನಾ ಮಗಳೇ?”

“ಬೇರೆ ಯಾರದೋ ಗಂಡ ಆಗಿದ್ರೆ ಬಿಡಬಹುದಿತ್ತಾ?”

ಎದುರು ಕೂತು ಉಣ್ಣಿಸುತ್ತಿದ್ದವರು ಅಷ್ಟು ದಿನವೂ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಕೂತಿದ್ದರು. ಚಳಿಯಾದೀತೆಂದು ತಾನು ತೊಡಿಸಿದ ಟೊಪ್ಪಿ ಅವನನ್ನು ಕುಡುಕನನ್ನಾಗಿ ಮಾಡಿತ್ತು.

ಬಟ್ಟೆಗಳನ್ನು ಮಡಿಸಿಟ್ಟು ಇಳಿದು ಹೋದಳು. ಗೇಟಿನ ಹತ್ತಿರ ಹೋದಾಗ ಮಹಡಿಯ ಮೆಟ್ಟಿಲ ತುದಿಯಲ್ಲಿ ಊರುಗೋಲು ತಡಕಾಡುವ ಸದ್ದು ಕೇಳಿಸಿತು. ಮಂಡಿನೋವಿನ ಟೀಚರಮ್ಮ ದಿನವೂ ಅವಳ ತೋಳು ಹಿಡಿದೇ ಇಳಿಯುತ್ತಿದ್ದರು. ಕೋಲು ಒಮ್ಮೆ ಜಾರಿತು.

ಅವಳು ಹಿಂದಕ್ಕೆ ಹೋಗಿ, ಮೆಟ್ಟಿಲು ಹತ್ತಿ, ತೋಳು ಚಾಚಿದಳು.

“ಮಗಳೇ, ದೇವರು ನಿನ್ನನ್ನ...”

“ಮಾತಾಡ್ಬೇಡಿ ಟೀಚರ್. ಮೆಟ್ಟಿಲು ನೋಡ್ಕೊಳ್ಳಿ.”

ನೆಲ ಸಿಕ್ಕ ಮೇಲೆ ತೋಳು ಬಿಡಿಸಿಕೊಂಡಳು.