ಕುರ್ಚಿ ಒಲ್ಲದ ತೆಂಚಾ

ಒರ್ತೆನ್ಸಿಯಾ ಸಮಾರ್ರಿಪಾ ಒಬ್ಬರೇ ನಡೆದು ಬರುವಾಗಲೂ ಎಡಕ್ಕೆ ತುಸು ಬಾಗಿಯೇ ಬರುತ್ತಿದ್ದರು. ಎಡಗೈ ಇಳಿಬಿದ್ದು, ಬೆರಳುಗಳು ಅರೆಬಿಚ್ಚಿ, ಯಾವುದೋ ಮಗು ಈಗಷ್ಟೇ ಆ ಕೈ ಬಿಡಿಸಿಕೊಂಡು ಓಡಿತೋ ಎನ್ನುವಂತೆ. ಮೂರು ದಶಕಗಳ ಕಾಲ ಐದು ವರ್ಷದ ಮಕ್ಕಳನ್ನು ಬಸ್ಸಿನಿಂದ ತರಗತಿಗೆ, ತರಗತಿಯಿಂದ ಊಟದ ಕೋಣೆಗೆ ನಡೆಸಿದ ಆ ದೇಹಕ್ಕೆ ನೆಟ್ಟಗಿರುವುದೇ ಮರೆತುಹೋಗಿತ್ತು. ದಕ್ಷಿಣ ಟೆಕ್ಸಾಸಿನ ನದಿಯಂಚಿನ ನಮ್ಮ ಲಾ ನೋರಿಯಾದಲ್ಲಿ ಆಕೆಯನ್ನು ಪೂರ್ತಿ ಹೆಸರಿನಿಂದ ಕರೆದವರು ಯಾರೂ ಇಲ್ಲ. ದೊಡ್ಡವರಿಗೆ ತೆಂಚಾ, ಚಿಕ್ಕವರಿಗೆ ಬರಿಯ 'ಮಿಸ್'.

ಶಿಶುತರಗತಿಯ ಸಹಾಯಕಿ ಎಂಬುದು ಅವರ ಹುದ್ದೆ. ಮುಂದೆ ನಿಂತು ಪಾಠ ಹೇಳುವವಳು ನಾನು. ಹಿಂದೆ ನಿಂತು ಅಳು ನಿಲ್ಲಿಸುವವರು, ಮೂಗು ಒರೆಸುವವರು, ಬೂಟಿನ ದಾರ ಬಿಗಿಯುವವರು ಅವರು. ಶಾಲೆಯ ಕೊರೆಯುವ ಎ.ಸಿ.ಗೆ ಗಂಡ ನಿಯೆವೆಸ್‌ನ ಕಂದು ಕೋಟನ್ನೇ ಹೊದ್ದಿರುತ್ತಿದ್ದರು. ಹಣ್ಣು ಪೆಟ್ಟಿಗೆಗೆ ತುಂಬುವ ಶೆಡ್ಡಿನಲ್ಲಿ ದುಡಿದು ಬಣ್ಣಗೆಟ್ಟ ಆ ಕೋಟಿಗೆ ಚಕ್ಕೋತದ ಸಿಪ್ಪೆಯ ವಾಸನೆ. ಜೇಬುಗಳಲ್ಲಿ ಬಿಸ್ಕತ್ತು, ಕಾಲುಚೀಲ, ಯಾರದೋ ಉದುರಿದ ಹಾಲುಹಲ್ಲು. ಕುರ್ಚಿಯಲ್ಲಿ ಕೂತದ್ದನ್ನು ನಾನು ಕಂಡಿಲ್ಲ: ಒಂದೋ ನೆಲದ ಮೇಲೆ, ಇಲ್ಲವೇ ನಿಂತೇ. ಸಂತಸ್ವಭಾವ ಅವರದೆಂದು ತಿಳಿಯಬೇಡಿ. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು, ನನ್ನ ಪಾಠ ಅವಸರವಾಯಿತೆನಿಸಿದರೆ ಮಕ್ಕಳೆದುರೇ ಬೇಕೆಂದು ಕೆಮ್ಮುತ್ತಿದ್ದರು. ಆದರೆ ಎಂಥ ಕೆಟ್ಟ ಸುದ್ದಿ ತಂದರೂ, ಮಳೆನೀರು ತರಗತಿಗೆ ನುಗ್ಗಿತೆಂದರೂ, ಅವರ ಬಾಯಿಂದ ಬರುತ್ತಿದ್ದುದು ಒಂದೇ ಮಾತು: "ಆಯ್ತು, ಮುಂದೆ?"

ಒಂದು ವರ್ಷ ನಾನು ಹೆರಿಗೆಯ ರಜೆಯಲ್ಲಿದ್ದಾಗ ಬದಲಿ ಶಿಕ್ಷಕರು ಸಿಗದೆ ತರಗತಿಯನ್ನು ತೆಂಚಾ ಒಬ್ಬರೇ ತಿಂಗಳುಗಟ್ಟಲೆ ನಡೆಸಿದರು. ಪೋಷಕರ ಸಭೆಯ ದಿನ ಮಾತ್ರ ಮೇಲಿನವರಿಂದ ಆದೇಶ ಬಂತು: ಮಕ್ಕಳ ಓದಿನ ವಿಷಯ ಮಾತಾಡುವ ಅಧಿಕಾರ ಶಿಕ್ಷಕರಿಗಷ್ಟೇ, ಸಹಾಯಕಿ ಹೊರಗಿರಲಿ. ಅಂದು ಅವರು ಹೊರಗಿನ ಹಜಾರದಲ್ಲಿ, ಒಳಗೆ ಆ ದಿನಕ್ಕಷ್ಟೇ ಕರೆಸಿದ ಪರಸ್ಥಳದ ಶಿಕ್ಷಕನೊಬ್ಬ ತಾನು ಕಾಣದ ಮಕ್ಕಳ ಬಗ್ಗೆ ಒಳ್ಳೆಯ ಮಾತಾಡುವುದನ್ನು ಕೇಳುತ್ತ ನಿಂತಿದ್ದರಂತೆ. ಮರುವಾರವೇ ಕಾಲೇಜಿಗೆ ಸೇರಿದರು.

ಆ ಕಾಲಕ್ಕೆ ನಮ್ಮಲ್ಲೊಂದು ಅನುಕೂಲವಿತ್ತು. ತರಗತಿಯಲ್ಲಿ ಮಕ್ಕಳ ಜೊತೆ ದುಡಿಯುತ್ತ ಶಿಕ್ಷಕಿಯಾಗಲು ಓದುವ ಸಹಾಯಕಿಯರಿಗೆ ಸರ್ಕಾರಿ ಕಾಲೇಜಿನ ಶುಲ್ಕ ಮಾಫಿ. ಷರತ್ತು ಒಂದೇ: ತರಗತಿ ಬಿಡುವಂತಿಲ್ಲ, ಬಿಟ್ಟರೆ ಮಾಫಿಯೂ ಬಿಟ್ಟಂತೆ. ಗಂಡ ರೇಗಿಸಿದ: "ನೀನು ಟೀಚರ್ ಆಗೋ ಹೊತ್ತಿಗೆ ನಾನು ಸಂತ ಆಗಿರ್ತೀನಿ ಕಣೇ ಮುದುಕಿ."

"ಆಗು, ಬೇಡ ಅಂದವರ್ಯಾರು? ಈಗಿಂದಲೇ ಪಾತ್ರೆ ತೊಳೆದು ಅಭ್ಯಾಸ ಮಾಡ್ಕೋ."

ಅಲ್ಲಿಂದ ಅವನೇ ಪಾತ್ರೆ ತೊಳೆದ. ಸಂಜೆ ಶಾಲೆ ಬಿಟ್ಟೊಡನೆ ತೆಂಚಾ, ಬೀನ್ಸ್ ಸುತ್ತಿದ ಟೋರ್ಟಿಯಾ ರೊಟ್ಟಿಯನ್ನು ಒಂದು ಕೈಯಲ್ಲಿ, ಪಿಕಪ್ ಗಾಡಿಯ ಸ್ಟೀರಿಂಗನ್ನು ಇನ್ನೊಂದು ಕೈಯಲ್ಲಿ ಹಿಡಿದು ಪಟ್ಟಣದ ದಾರಿ ಹಿಡಿಯುತ್ತಿದ್ದರು. ಬೀಜಗಣಿತದ ತರಗತಿಯಲ್ಲಿ ಕೊನೆಯ ಗೋಡೆಗೆ ಒರಗಿ ನಿಂತೇ ಇರುತ್ತಿದ್ದ ಇವರನ್ನು ಕಂಡು ಎಳೆಯ ಪ್ರಾಧ್ಯಾಪಕ ಕುಳಿತುಕೊಳ್ಳಿ ಎಂದನಂತೆ. "ಕೂತ್ರೆ ನಿದ್ದೆ ಬರುತ್ತೆ ಸರ್, ನಿಂತ್ರೆ ಲೆಕ್ಕ ಬರಬಹುದು." ಬರಲಿಲ್ಲ, ಮೊದಲ ಸಲ ನಪಾಸಾದರು. ಆ ದಿನ ಮಕ್ಕಳ ಬಣ್ಣದ ಕಾಗದಗಳನ್ನು ಅಗತ್ಯಕ್ಕಿಂತ ರಭಸದಿಂದ ಕತ್ತರಿಸಿದ್ದು ಬಿಟ್ಟರೆ ಬೇರೆ ಶೋಕವನ್ನು ಅವರು ಆಚರಿಸಿದಂತೆ ಕಾಣಲಿಲ್ಲ. ಎರಡನೆಯ ಸಲ ಹೇಗೋ ದಾಟಿಕೊಂಡರು.

ನಿಜವಾದ ವಿಘ್ನ ಬಂದದ್ದು ಪ್ರೀತಿಯ ರೂಪದಲ್ಲಿ. ನಮ್ಮ ಪ್ರಿನ್ಸಿಪಾಲ್ ಅರಾಸೆಲಿ ಬಾಲ್ಡೆರಾಸ್ ಒಂದು ಕಾಲಕ್ಕೆ ತೆಂಚಾರಿಂದಲೇ ಬೂಟಿನ ದಾರ ಕಟ್ಟಿಸಿಕೊಂಡವರು. ಶಾಲಾ ಕಚೇರಿಯ ಗುಮಾಸ್ತೆ ನಿವೃತ್ತರಾದಾಗ ಅವರು ತೆಂಚಾರನ್ನು ಕರೆದರು. ನಾನೂ ಅಲ್ಲೇ ಇದ್ದೆ.

"ಮಿಸ್, ನೆಲದ ಮೇಲೆ ಕೂತು ಏಳೋದು ಇನ್ನೆಷ್ಟು ದಿನ? ಆ ಜಾಗ ನಿಮಗೇ ಅಂತ ಇಟ್ಟಿದ್ದೀನಿ. ಸಂಬಳ ಜಾಸ್ತಿ. ಮೆತ್ತನೆ ಕುರ್ಚಿ, ಚಕ್ರನೂ ಇದೆ."

"ಅಲ್ಲಿ ಕೂತ್ರೆ ನನ್ನ ಕಾಲೇಜಿನ ಮಾಫಿ ಹೋಗುತ್ತಲ್ಲ, ಮಗಳೇ."

"ಹೋಗ್ಲಿ ಬಿಡಿ ಮಿಸ್. ಇನ್ನೂ ಎರಡು ವರ್ಷ ಓದಿ, ಆಮೇಲೆ..." ಅರಾಸೆಲಿ ಮಾತು ನುಂಗಿಕೊಂಡರು.

"ಆಮೇಲೆ ಸಾಯೋದಷ್ಟೇ ಬಾಕಿ ಅಂತೀಯಾ?"

ಅರಾಸೆಲಿಯ ಕಣ್ಣು ತುಂಬಿತು. "ನಿಜ ಹೇಳ್ಬಿಡ್ತೀನಿ. ಬರೋ ವರ್ಷ ನಮ್ಮಲ್ಲಿ ಒಂದು ಸಹಾಯಕಿ ಹುದ್ದೆ ತೆಗೀತಾರೆ. ನೀವು ಕಚೇರಿಗೆ ಬಂದ್ರೆ ಎಲ್ಲರೂ ಉಳೀತಾರೆ. ಬರ್ಲಿಲ್ಲ ಅಂದ್ರೆ ಕೊನೇಲಿ ಸೇರಿದ ಮರಿಸೆಲಾನ ಮನೆಗೆ ಕಳಿಸ್ಬೇಕು. ಅವಳ ಕೂಸಿಗೆ ಇನ್ನೂ ವರ್ಷ ತುಂಬಿಲ್ಲ."

ತೆಂಚಾ ಕೋಟಿನ ಜೇಬಿಗೆ ಕೈಹಾಕಿದರು. ಒಂದು ಬಿಸ್ಕತ್ತು ತೆಗೆದು ಅರಾಸೆಲಿಯ ಮುಂದಿಟ್ಟರು. "ಆಯ್ತು. ಮರಿಸೆಲಾ ಇರ್ಲಿ. ನಾನು ಹೋಗ್ತೀನಿ."

"ನಮ್ಮನ್ನ ಬಿಟ್ಟು ಹೋಗ್ತೀರಾ?"

"ನಿಮ್ಮನ್ನಲ್ಲ. ಆ ಕುರ್ಚಿ ಬಿಟ್ಟು."

ಆ ಬೇಸಗೆಯಲ್ಲಿ, ಐವತ್ತು ದಾಟಿದ ಆ ಹೆಂಗಸು, ಊರಿಗೆಲ್ಲ ಪರಿಚಿತವಾದ ತಮ್ಮ ಹೆಸರನ್ನು ಇಲ್ಲಿಯೇ ಬಿಟ್ಟು, ಹೆಸರೇ ಗೊತ್ತಿಲ್ಲದ ಶಾಲೆಗಳ ಬಾಗಿಲಲ್ಲಿ ಹೊಸಬರಾಗಿ ನಿಂತರು. ಒಂದು ಕಡೆ ನೋಡೋಣ ಎಂದರು. ಇನ್ನೊಂದು ಕಡೆ ಅದನ್ನೂ ಅನ್ನಲಿಲ್ಲ. ದೂರದ ಪಾಲ್ಮಾ ಸೋಲಾ ಶಾಲೆಯ ಮುಖ್ಯಸ್ಥ, ಚಿಕ್ಕ ಮಕ್ಕಳ ಹಿಂದೆ ಓಡಲು ಈ ವಯಸ್ಸಿಗೆ ಆದೀತೇ ಎಂದು ಅನುಮಾನಿಸಿದಾಗ, "ಐದು ವರ್ಷದವರ ಕಣ್ಣಿಗೆ ಮೂವತ್ತಾದವರೆಲ್ಲ ಮುದುಕರೇ ಸರ್, ನೀವೂ ಸೇರಿ" ಎಂದು ಬಂದರು. ಆತ ನಕ್ಕನಂತೆ. ಕೆಲಸ ಸಿಕ್ಕಿತು, ಸಂಬಳ ಮೊದಲಿಗಿಂತ ಕಡಿಮೆ, ದಾರಿ ಹೆಚ್ಚು. ತರಗತಿ ಉಳಿಯಿತು, ಆದ್ದರಿಂದ ಕಾಲೇಜೂ ಉಳಿಯಿತು.

ಅಲ್ಲಿಯ ಮೊದಲ ವರ್ಷ ಸುಖದ್ದಾಗಿರಲಿಲ್ಲ. ತಮ್ಮ ಅರ್ಧ ವಯಸ್ಸಿನ ಶಿಕ್ಷಕಿ ಗೋಂದು ಹಚ್ಚುವುದನ್ನು ಅವರಿಗೆ ಹೇಳಿಕೊಟ್ಟಳಂತೆ, ಇವರು ಕಲಿತವರಂತೆ ತಲೆಯಾಡಿಸಿದರಂತೆ. ಒಮ್ಮೆ ಸಂತೆಯಲ್ಲಿ ಸಿಕ್ಕಾಗ ಮುಖ ಬಾಡಿತ್ತು. ವಾಪಸ್ಸು ಬಂದುಬಿಡಿ ಎಂದೆ. "ಅಲ್ಲಿ ನನ್ನ ಯಾರೂ ತೆಂಚಾ ಅನ್ನಲ್ಲ, ಗೊತ್ತಾ? 'ಏಯ್ ಮಿಸ್ ಹೊಸಬರೇ' ಅಂತಾರೆ," ಎಂದು ಟೊಮೇಟೊ ಆರಿಸುತ್ತ ನಿಂತರು, ಕೊಳೆತದ್ದೊಂದನ್ನು ಅಂಗಡಿಯವನ ಮೂಗಿನ ಮುಂದೆ ಹಿಡಿದು ಅವನನ್ನು ಚೆನ್ನಾಗಿ ಬೈದರು. ಬೈಗುಳ ಮುಗಿಯುವಷ್ಟರಲ್ಲಿ ಮುಖಕ್ಕೆ ಕಳೆ ಮರಳಿತ್ತು.

ಓದು ಮುಗಿಯಿತು. ಪಾಲ್ಮಾ ಸೋಲಾದವರೇ ಅವರನ್ನು ಶಿಕ್ಷಕಿಯಾಗಿ ನೇಮಿಸಿಕೊಂಡರು. ಅರಾಸೆಲಿಯೂ ನಾನೂ ನೋಡಲು ಹೋದ ದಿನ ಅವರು ಹಲಗೆಯ ಮೇಲೆ ಅಕ್ಷರವೊಂದನ್ನು ಬರೆಯುತ್ತಿದ್ದರು. ಬೆನ್ನ ಹಿಂದೆ ಗದ್ದಲ ಎದ್ದಿತ್ತು, ಅಕ್ಷರ ಸೊಟ್ಟಗಾಗಿತ್ತು, ಒರೆಸಿ ಮತ್ತೆ ಬರೆದರು. ಇನ್ನೆಷ್ಟು ವರ್ಷ ಪಾಠ ಹೇಳುವಿರೆಂದು, ಕೇಳಬಾರದ್ದನ್ನು ಅರಾಸೆಲಿ ಕೊನೆಗೂ ಕೇಳಿಯೇಬಿಟ್ಟರು.

"ಒಂದು ಮಗು ಓದೋಕೆ ಕಲಿಯೋದಕ್ಕೆ ಒಂದು ವರ್ಷ ಬೇಕು ಮಗಳೇ. ಅಷ್ಟು ಸಿಕ್ಕಿದ್ರೂ ಒಂದು ತರಗತಿ ಆಯ್ತಲ್ಲ."

ಇಂಥವರನ್ನು ಲೋಕ ಮೇಲಕ್ಕೇರಿಸಿ ಗೌರವಿಸಲು ಹವಣಿಸುತ್ತದೆ, ಅವರು ಏರಲೊಲ್ಲರು. ಅವರಿಗೆ ಬೇಕಾದದ್ದು ಅದೇ ಕೋಣೆಯಲ್ಲಿ ಹಿಂದಿನ ಗೋಡೆಯಿಂದ ಮುಂದಿನ ಹಲಗೆಯವರೆಗಿನ ಆ ಹತ್ತಾರು ಹೆಜ್ಜೆಗಳಷ್ಟೇ. ಶುಲ್ಕ ಬಿಟ್ಟುಕೊಟ್ಟ ಸರ್ಕಾರ ಮಹದುಪಕಾರವೆಸಗಿದೆನೆಂದು ಭಾವಿಸಲಿ, ತಪ್ಪಿಲ್ಲ; ಬಾಗಿಲು ತೆರೆದದ್ದು ಅದೇ. ಆದರೆ ಆ ಹೆಜ್ಜೆಗಳಿಗೆ ತೆತ್ತ ಊರು, ಹೆಸರು, ನಿದ್ದೆ, ನೆಮ್ಮದಿಗಳಿಗೆ ಎಲ್ಲಿಯೂ ಮಾಫಿಯಿಲ್ಲ. ಅದನ್ನು ಪೂರ್ತಿಯಾಗಿ ತೆತ್ತೂ, ತಡವಾಯಿತೆಂದು ಹಲುಬದೆ, ಸೊಟ್ಟಗಾದ ಅಕ್ಷರವನ್ನು ಒರೆಸಿ ಮತ್ತೆ ಬರೆಯುವವರು ಇರುವುದರಿಂದಲೇ ನಮ್ಮ ಮಕ್ಕಳಿಗೆ ಓದು ಬರುತ್ತದೆ.