ಹೊಳೆಯಲ್ಲಿ ಕಟ್ಟಿಟ್ಟ ಮೀನು

ಗಾಳಕ್ಕೆ ಮೀನು ಬಿದ್ದಿತ್ತು, ಕಿಸೆಯಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ತೆಪ್ಪದಲ್ಲಿ ಕೂತವನಾದರೆ ಮೀನು ಓಡಿದ ಕಡೆ ತಾನೂ ಹೋಗಬಹುದು. ದಂಡೆಯ ಮೇಲೆ ನಿಂತವನಿಗೆ ಆ ಸುಖ ಎಲ್ಲಿಯದು? ಜೋರಾಗಿ ಎಳೆದರೆ ದಾರ ಹರಿಯುತ್ತದೆ, ಸಡಿಲ ಬಿಟ್ಟರೆ ಮೀನು ಬಂಡೆಯ ಸಂದಿಗೆ ಹೊಕ್ಕು ದಾರವನ್ನು ಉಜ್ಜಿ ಕಡಿಯುತ್ತದೆ. ಅದು ಜಗ್ಗಿದಾಗ ಬಿಟ್ಟು, ಸುಸ್ತಾದಾಗ ಸುತ್ತಿ, ಮೊಣಕಾಲುದ್ದದ ನೀರಿನಲ್ಲಿ ಅದರ ಜೊತೆಗೇ ನಡೆಯುತ್ತಿದ್ದೆ. ಫೋನು ನಿಂತು ಮತ್ತೆ ಶುರುವಾಯಿತು.

"ಸುಮ್ಕಿರಲೇ!" ಎಂದು ಬೈದೆ. ಮೀನಿಗೋ ಫೋನಿಗೋ ನನಗೇ ಗೊತ್ತಿಲ್ಲ.

ಈ ಮೀನು ನನಗೆ ಬೇಕೇ ಬೇಕಿತ್ತು. ನನ್ನ ಹೆಂಡತಿ ಶ್ರೀವಲ್ಲಿ ತುಂಬಿದ ಬಸುರಿ. ಬೇರೆಯವರಿಗೆ ಮೂರು ತಿಂಗಳಿಗೆ ನಿಲ್ಲುವ ವಾಂತಿ ಇವಳಿಗೆ ಏಳಕ್ಕೆ ಬಿದ್ದರೂ ನಿಂತಿರಲಿಲ್ಲ. ಗಂಜಿ ಕುಡಿದರೆ ಗಂಜಿ, ಎಳನೀರು ಕುಡಿದರೆ ಎಳನೀರು, ಎಲ್ಲ ಹೊರಗೆ. ಹೀಗೇ ಆದರೆ ಕೂಸಿಗೂ ಕಷ್ಟ ಎಂದು ಡಾಕ್ಟರಮ್ಮ ನನ್ನನ್ನೇ ತಪ್ಪಿತಸ್ಥನ ಹಾಗೆ ನೋಡಿ ಕಳಿಸಿದ್ದರು. ಅಂಥವಳು ಬಾಯಿಬಿಟ್ಟು ಕೇಳಿದ್ದು ಒಂದನ್ನೇ, ಹೊಳೆಯ ಗೆಂಡೆ ಮೀನಿನ ಸಾರು. ಮಾರ್ಕೆಟ್ಟಿನ ಐಸು ಹಾಕಿದ ಮೀನು ತಂದರೆ ವಾಸನೆಗೇ ಎದ್ದು ಓಡುತ್ತಿದ್ದಳು. ಅದಕ್ಕೇ ಅಕ್ಕಿ ಮಿಲ್ಲಿಗೆ ರಜೆ ಹಾಕಿ, ಗಾಳಕ್ಕೆ ಸಿಕ್ಕಿಸಲು ಬೆಲ್ಲ ಇಂಗು ಸೇರಿಸಿ ತೌಡು ಕಲಸಿಕೊಂಡು ಬೆಳಿಗ್ಗೆಯೇ ಹೊಳೆಗೆ ಬಂದಿದ್ದೆ.

ಕೊನೆಗೂ ಮೀನು ಮಗ್ಗುಲಾಗಿ ತೇಲಿತು. ಮೊಣಕೈಯಷ್ಟು ಉದ್ದದ ಗೆಂಡೆ. ಅದನ್ನು ಕೊಲ್ಲುವ ಹಾಗಿಲ್ಲ. ಬಸುರಿಯ ಗಂಡ ಜೀವ ತೆಗೆಯಬಾರದು ಎಂದು ನಮ್ಮವ್ವ ವಿರೂಪಮ್ಮ ಕಟ್ಟಪ್ಪಣೆ ಮಾಡಿದ್ದಳು. ನಾನು ಜೀವಂತ ಹಿಡಿದು ತರಬೇಕು, ಕೊಯ್ಯುವುದು ಅವಳ ಕೆಲಸ. ಈ ಹಂಚಿಕೆ ದೇವರಿಗೆ ಒಪ್ಪಿಗೆಯೋ ಇಲ್ಲವೋ, ಅವ್ವನಿಗಂತೂ ಒಪ್ಪಿಗೆ. ಅದಕ್ಕೆ ಮೀನಿನ ಬಾಯಿಯಿಂದ ಕಿವಿರಿಗೆ ನೈಲಾನ್ ಹುರಿ ಪೋಣಿಸಿ, ದಂಡೆಯ ಹತ್ತಿರದ ಗೂಟಕ್ಕೆ ಕಟ್ಟಿ, ನೀರಿನಲ್ಲೇ ಬಿಟ್ಟೆ. ಆಮೇಲೆ ಫೋನು ಎತ್ತಿದೆ.

"ಎಷ್ಟು ಸಲ ಮಾಡ್ಲಿ ರೀ?" ಎಂದಳು ಶ್ರೀವಲ್ಲಿ. "ಅಪ್ಪ ಬಂದಾರ."

"ಯಾರಪ್ಪ?"

"ನಮ್ಮಪ್ಪ! ಹೆರಿಗೀಗೆ ಕರೀಲಿಕ್ಕ ಬಂದಾರ ಅನ್ನಸ್ತದ. ಇನ್ನಾ ಬಾಯಿಬಿಟ್ಟು ಹೇಳಿಲ್ಲ. ಮೀನು ತರಬ್ಯಾಡ್ರಿ. ನಾ ತಿಂತೀನಂತ ಗೊತ್ತಾದ್ರ ಎದ್ದು ಹೋಗ್ತಾರ, ಮತ್ತ ಈ ಜಲ್ಮದಾಗ ಬರಂಗಿಲ್ಲ."

"ನೀ ಏನು ಉಣ್ತಿ ಮತ್ತ?"

"ನನ್ನ ಊಟ ಸಾಯ್ಲಿ! ಅವರು ಹೊಳಿಗೇ ಬರ್ಲಿಕ್ಕತ್ತಾರ. ನದಿಸ್ನಾನ ಮಾಡಬೇಕಂತ ಆಟೋ ಹತ್ತಿ ಆಗಲೇ ಹೋದ್ರು. ನೀವೂ ಸ್ನಾನಕ್ಕ ಅಲ್ಲೇ ಹೋಗೀರಂತ ಹೇಳೀನಿ."

ಮಾವ ರಾಘಣ್ಣ ಬಳ್ಳಾರಿಯ ಬ್ರೂಸ್‌ಪೇಟೆಯವರು, ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಮಡಿ, ಏಕಾದಶಿ, ಮನೆಯೊಳಗೆ ಬೆಳ್ಳುಳ್ಳಿಯನ್ನೂ ಬಿಟ್ಟುಕೊಳ್ಳದ ವೈಷ್ಣವರು. ನಮ್ಮೂರು ಸಿರುಗುಪ್ಪದ ಶಾಲೆಗೆ ಟೀಚರಾಗಿ ಬಂದ ಮಗಳು ನನ್ನನ್ನು ಕಟ್ಟಿಕೊಂಡ ದಿನದಿಂದ ಮಾತು ಬಿಟ್ಟಿದ್ದರು. ಚೊಚ್ಚಲ ಹೆರಿಗೆಗೆ ತವರಿನ ಕರೆ ಬರಲಿಲ್ಲವೆಂದು ಅವಳು ಗೋಡೆ ಕಡೆ ಮುಖ ಮಾಡಿ ಅಳುವುದನ್ನು ನೋಡಿ ನೋಡಿ, ಆ ಮನುಷ್ಯನನ್ನು ನಾನು ಮನಸ್ಸಿನಲ್ಲೇ ಎಷ್ಟು ಬೈದಿದ್ದೆನೋ! ಈಗ ಆ ಕರೆ ಆಟೋದಲ್ಲಿ ಬರುತ್ತಿತ್ತು. ಅದನ್ನು ನಾನೇ ಕೆಡಿಸಬಾರದು.

ಗಾಳದ ಕೋಲು, ಬಕೆಟ್ಟು ಜೊಂಡಿನೊಳಗೆ ತುರುಕಿದೆ. ಮೀನಿನ ಹುರಿ ಬಿಚ್ಚಲು ಬಗ್ಗುವಷ್ಟರಲ್ಲಿ ಆಟೋ ಬಂದೇಬಿಟ್ಟಿತು.

ಮಾವ ಇಳಿದು ಆಟೋ ಕಳಿಸಿದರು. ಹೆಗಲಿಗೆ ಪಂಚೆ, ಕೈಯಲ್ಲಿ ತಾಮ್ರದ ತಂಬಿಗೆ.

"ಬರ್ರಿ ಮಾವಾರ. ಆ ಕಡೆ ಹೋಗೂಣ್ರಿ, ಅಲ್ಲಿ ನೀರು ಚೊಲೋ ಐತಿ."

"ಯಾಕ, ಇಲ್ಲೇ ಮಳಲು ಅದಲ್ಲ. ಇಳೀಲಿಕ್ಕ ಸಸಾರ." ಮೂಗು ಅರಳಿಸಿ ನನ್ನ ಕೈ ಕಡೆ ನೋಡಿದರು. "ಇಂಗಿನ ವಾಸನಿ. ಮನ್ಯಾಗ ಹುಳಿ ಮಾಡ್ಯಾರೇನು?"

"ಹ್ಞೂಂ ರೀ," ಎಂದೆ. ತೌಡು ಮೆತ್ತಿದ ಕೈಯನ್ನು ಬೆನ್ನ ಹಿಂದೆ ಮಾಡಿದೆ. ಅವರ ಮುಖ ಸ್ವಲ್ಪ ಸಡಿಲಾಯಿತು. ಮಗಳು ನಮ್ಮ ಮನೆಯಲ್ಲೂ ತನ್ನ ಅಡುಗೆ ಉಳಿಸಿಕೊಂಡಿದ್ದಾಳೆ ಎಂದುಕೊಂಡಿರಬೇಕು. ನನಗೆ ನಾಚಿಕೆಯಾಯಿತು.

ಅವರು ಸೊಂಟದವರೆಗೆ ಇಳಿದು, ಮುಳುಗು ಹಾಕಿ, ಸೂರ್ಯನಿಗೆ ಅರ್ಘ್ಯ ಬಿಡತೊಡಗಿದರು. ಗೂಟ ಅವರಿಂದ ಎರಡು ಮಾರು ದೂರ. ಮೀನೇ, ಅಲುಗಬೇಡ ಎಂದು ನಾನು ಮನಸ್ಸಿನಲ್ಲೇ ಕೈಮುಗಿದೆ. ಅದು ಅಲುಗಿತು. ಒಂದು ಸಲ ಜಗ್ಗಿದ್ದಕ್ಕೆ ಗೂಟ ನಡುಗಿತು, ಇನ್ನೊಂದು ಸಲಕ್ಕೆ ಬಾಲ ನೀರನ್ನು ಫಟ್ಟೆಂದು ಹೊಡೆಯಿತು. ಮಂತ್ರ ನಿಂತಿತು.

ಮಾವ ನೀರು ಸೀಳಿಕೊಂಡು ಹೋಗಿ ಬಗ್ಗಿ ನೋಡಿದರು.

"ಅಯ್ಯೋ, ಯಾವ ಪಾಪಿ ಮಾಡಿದ್ದು ಇದು! ಬಾಯಾಗ ಹಗ್ಗ ಹಾಕಿ ಕಟ್ಯಾನ."

ಅವರು ತಂಬಿಗೆಯನ್ನು ದಂಡೆಗಿಟ್ಟು ಗಂಟು ಬಿಚ್ಚತೊಡಗಿದರು.

"ಬಿಡ್ರಿ ಮಾವಾರ. ಯಾರದೋ ಏನೋ."

"ಯಾರದರೆ ಇರ್ಲಿ. ಮನ್ಯಾಗ ಬಸುರಿ ಇದ್ದಾಳ. ಕಟ್ಟಿದ ಜೀವ ಬಿಡಿಸಿದ್ರ ಆಕೀಗೂ ಸುಸೂತ್ರ ಆಗ್ತದ."

ಸುಮ್ಮನಿದ್ದರೆ ಕರೆ ಉಳಿಯುತ್ತದೆ, ಮೀನು ಹೋಗುತ್ತದೆ. ಬಾಯಿಬಿಟ್ಟರೆ ಕರೆಯೇ ಹೋಗುತ್ತದೆ. ಸುಮ್ಮನಿರಬೇಕು ಎಂದೇ ನಿಂತಿದ್ದೆ. ಆದರೆ ಬೆಳಿಗ್ಗೆ ಹೊರಡುವಾಗ ಬಚ್ಚಲ ಗೋಡೆ ಹಿಡಿದು ನಿಂತಿದ್ದ ಅವಳ ಒಣಗಿದ ಮುಂಗೈ ಕಣ್ಣಿಗೆ ಬಂತು. ಸಿಟ್ಟು ನೆತ್ತಿಗೇರಿತು.

"ಬಿಚ್ಚಬ್ಯಾಡ್ರಿ! ಅದು ನಿಮ್ಮ ಮಗಳ ಊಟ!"

ಅವರ ಕೈ ನಿಂತಿತು. ಆದರೆ ಗಂಟು ಅಷ್ಟರಲ್ಲಾಗಲೇ ಸಡಿಲಾಗಿತ್ತು. ಮೀನು ಒಮ್ಮೆ ಜಗ್ಗಿತು, ಹುರಿ ಗೂಟದಿಂದ ಕಳಚಿ ನೀರಿನ ಮೇಲೆ ಸರ್ರನೆ ಓಡಿತು. ನಾನು ದಂಡೆಯಿಂದ ಹಾರಿದರೂ ಸಿಗುತ್ತಿರಲಿಲ್ಲ. ಹೋಯಿತು ಎಂದುಕೊಂಡೆ.

ಮಾವ ಹುರಿಯ ಮೇಲೆ ಬಿದ್ದರು. ತಲೆಯವರೆಗೂ ಮುಳುಗಿ, ಕೆಮ್ಮುತ್ತ ಎದ್ದಾಗ ಹುರಿಯ ತುದಿ ಅವರ ಮುಷ್ಟಿಯಲ್ಲಿತ್ತು. ಮೀನು ಎಳೆಯುತ್ತಿತ್ತು. ನೈಲಾನ್ ಅಂಗೈ ಕೊಯ್ದು ರಕ್ತ ನೀರಿಗೆ ಇಳಿಯುತ್ತಿತ್ತು. ನಾನು ಹತ್ತಿರ ಹೋದರೂ ಅವರು ಹುರಿ ಕೊಡಲಿಲ್ಲ, ಬಿಡಲೂ ಇಲ್ಲ.

"ಆಕಿ ತಿಂತಾಳ?"

"ಹ್ಞೂಂ ರೀ."

"ನಿಮ್ಮವ್ವ ತಿನ್ನಿಸಿದ್ರಾ?"

"ಇಲ್ರಿ. ಆಕಿನೇ ಕೇಳ್ಯಾಳ. ಬ್ಯಾರೆ ಏನೂ ಹೊಟ್ಯಾಗ ನಿಲ್ಲವಲ್ದು. ಹಿಂಗ ಆದ್ರ ಕೂಸು ಉಳಿಯೂದು ಕಷ್ಟ ಅಂದಾರ ಡಾಕ್ಟ್ರು."

ಅವರು ಬಹಳ ಹೊತ್ತು ಹುರಿಯನ್ನೇ ನೋಡಿದರು. ಮುಷ್ಟಿ ಬಿಚ್ಚಿದರೆ ಸಾಕಿತ್ತು, ಅವರ ಧರ್ಮ ಅವರಿಗೆ ಉಳಿಯುತ್ತಿತ್ತು. ನನಗೆ ಅವರನ್ನು ತಳ್ಳಿ ಕಿತ್ತುಕೊಳ್ಳಬೇಕೆನ್ನಿಸಿತು, ಕಾಲಿಗೆ ಬೀಳಬೇಕೆಂದೂ ಅನ್ನಿಸಿತು. ಕೊನೆಗೆ ಅವರೇ ಕೇಳಿದರು.

"ಬಕೀಟು ಎಲ್ಲಿ ಅದ?"

ನನ್ನ ಬೈಕಿನ ಹಿಂದೆ ಬಕೆಟ್ಟನ್ನು ಅವರೇ ತೊಡೆಯ ಮೇಲೆ ಹಿಡಿದುಕೊಂಡು ಕೂತರು. ಬಸ್‌ಸ್ಟ್ಯಾಂಡ್ ಬಂದಾಗ, ಇಲ್ಲೇ ಇಳಿಯುತ್ತೇನೆ ಎನ್ನುತ್ತಾರೆ ಎಂದುಕೊಂಡು ಗಾಡಿ ನಿಧಾನ ಮಾಡಿದೆ. ಅವರು ಇಳಿಯಲಿಲ್ಲ.

ಬಾಗಿಲಲ್ಲಿ ಶ್ರೀವಲ್ಲಿ ನಿಂತಿದ್ದಳು. ಅಪ್ಪನ ಕೈಯಲ್ಲಿ ಬಕೆಟ್ಟು, ಅದರೊಳಗೆ ಮೀನಿನ ಬಾಲ ಕಂಡದ್ದೇ ಚೌಕಟ್ಟು ಹಿಡಿದುಕೊಂಡಳು. ಮಾವ ಬಕೆಟ್ಟನ್ನು ನಮ್ಮವ್ವನ ಮುಂದೆ ಇಟ್ಟು, ಮಗಳ ಮುಖ ನೋಡದೆ ಹೊರಗಿನ ಕಟ್ಟೆಯ ಮೇಲೆ ಕೂತರು. ನೀರು ಕೊಟ್ಟರೆ ಬೇಡವೆಂದರು. ಸಾರು ಕುದಿಯುವಾಗ ಶಲ್ಯದಿಂದ ಮೂಗು ಮುಚ್ಚಿಕೊಂಡರೇ ಹೊರತು ಎದ್ದು ಹೋಗಲಿಲ್ಲ.

"ಅಪ್ಪ ಹೊರಗ ಕೂತಾರ, ನನಗ ಗಂಟಲಾಗ ಇಳಿಯಂಗಿಲ್ಲ," ಎಂದು ಶ್ರೀವಲ್ಲಿ ತಾಟಿನ ಮುಂದೆ ಅಳುತ್ತ ಕೂತಳು.

"ಉಣ್ಣು, ವಲ್ಲಿ," ಎಂದು ಕಟ್ಟೆಯಿಂದ ದನಿ ಬಂತು. ಮದುವೆಯಾದ ಮೇಲೆ ಅವರು ಅವಳ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಉಂಡಳು. ಅವ್ವ, ನಾನು ಇಬ್ಬರೂ ಅವಳ ಗಂಟಲನ್ನೇ ನೋಡುತ್ತ ಕೂತೆವು. ಈಗ ಏಳುತ್ತಾಳೆ, ಈಗ ಓಡುತ್ತಾಳೆ ಎಂದು ಕಾದೆವು. ಅವಳು ಏಳಲಿಲ್ಲ. ಇನ್ನೂ ಸ್ವಲ್ಪ ಅನ್ನ ಕೇಳಿದಳು.

"ನಿಂತಿತೇನು?" ಮಾವ ಹೊರಗಿನಿಂದಲೇ ಕೇಳಿದರು.

"ನಿಂತದ್ರಿ," ಎಂದಳು ಅವ್ವ.

ಅವರು ಎದ್ದು ಹೊಸ್ತಿಲ ಹತ್ತಿರ ಬಂದರು. "ಹೆರಿಗೀಗೆ ಕರಕೊಂಡು ಹೋಗಬೇಕಂತ ಬಂದಿದ್ದೆ. ಆಗಂಗಿಲ್ಲ. ನಮ್ಮನ್ಯಾಗ ನಿನಗ ಇದು ಸಿಗಂಗಿಲ್ಲ, ನಾ ಮಾಡಿಸೂದೂ ಆಗಂಗಿಲ್ಲ."

ಶ್ರೀವಲ್ಲಿಯ ಕೈ ತಾಟಿನಲ್ಲೇ ನಿಂತಿತು. ನಾನು ಹಲ್ಲು ಕಚ್ಚಿದೆ. ಇಷ್ಟು ಹೇಳುವುದಕ್ಕೆ ಇಲ್ಲಿಯವರೆಗೆ ಕೂತಿದ್ದರೇ ಎನ್ನಿಸಿತು.

"ನಿಮ್ಮವ್ವನ್ನ ಇಲ್ಲಿಗೆ ಕರಕೊಂಡು ಬರ್ತೀನಿ," ಎಂದರು ಅವರು ಮಗಳಿಗೆ. ಆಮೇಲೆ ನಮ್ಮವ್ವನ ಕಡೆ ತಿರುಗಿದರು. "ಹೆರಿಗಿ ಆಗೂತನಕ ಇರ್ತೀವಿ. ಹಿತ್ತಲದಾಗ ನಮಗೊಂದು ಬ್ಯಾರೆ ಒಲಿ ಹಾಕಿಕೊಡ್ರಿ, ಸಾಕು."

ಶ್ರೀವಲ್ಲಿ ಎಂಜಲು ಕೈ ತೊಳೆಯುವುದನ್ನೂ ಮರೆತು ಎದ್ದು ಬಂದು ಹೊಸ್ತಿಲ ಮೇಲೆ ಕುಕ್ಕರಿಸಿ ಅಪ್ಪನ ಕಾಲು ಹಿಡಿದುಕೊಂಡಳು. ಪಾದದ ತುಂಬ ಮೀನಿನ ಸಾರು ಮೆತ್ತಿತು. ಅವರು ಕಾಲು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.