ಅಪ್ಪನಿಗೊಂದು ನೇರ ಹೋಗುವ ತೋಟಾ

ಅಮೆರಿಕದ ವಯೋಮಿಂಗಿನ ಆ ಊರಿನಲ್ಲಿ ಅಕ್ಟೋಬರ್ ಬಂತೆಂದರೆ ಗಂಡಸರ ಬಾಯಲ್ಲಿ ಜಿಂಕೆ ಬೇಟೆ ಬಿಟ್ಟು ಬೇರೆ ಮಾತಿಲ್ಲ. ಹೆಂಗಸರೂ ಏನು ಕಮ್ಮಿಯಲ್ಲ ಬಿಡಿ. ಹಾಲ್ವರ್ಸನ್ನನ ಕೋವಿ ಅಂಗಡಿಯಲ್ಲಿ ಡಾರ್ಲೀನ್ ಬೆಳಗಿನಿಂದ ತಲೆ ಕೆಡಿಸಿಕೊಂಡು ನಿಂತಿದ್ದಳು. ಅಪ್ಪ ಆರ್ವಲ್‌ಗೆ ಹೊಸ ರೈಫಲ್ ಕೊಳ್ಳಬೇಕು. ಅದಕ್ಕೂ ಮೊದಲು ಯಾವ ತೋಟಾದ್ದು ಅನ್ನೋದು ತೀರ್ಮಾನವಾಗಬೇಕು.

ಹೋದ ವರ್ಷ ಆರ್ವಲ್ ತನ್ನ ಹಳೇ ಥರ್ಟಿ-ಥರ್ಟಿ ರೈಫಲ್ಲಿನಲ್ಲಿ ಹೊಡೆದ ಜಿಂಕೆ ಕಾಲು ಮುರಿದುಕೊಂಡೇ ಓಡಿಹೋಗಿತ್ತು. ಆ ತೋಟಾದ ಗುಂಡು ದೂರ ಹೋದಂತೆಲ್ಲ ಬೇಗ ಕೆಳಗಿಳಿಯುತ್ತದೆ. ದೂರದ ಅಂದಾಜು ತಪ್ಪಿದರೆ ಕೆಟ್ಟಿತು. ಕತ್ತಲಾಗುವ ತನಕ ರಕ್ತದ ಜಾಡು ಹಿಡಿದು ಅಲೆದರೂ ಪ್ರಾಣಿ ಸಿಗಲಿಲ್ಲ. "ಇನ್ನೊಂದು ಸಲ ಹೀಗಾದ್ರೆ ನಾನು ಕೋವಿ ಮುಟ್ಟಲ್ಲ," ಎಂದುಬಿಟ್ಟಿದ್ದ ಮುದುಕ. ಆಡಿದರೆ ಮುಗೀತು, ಅಂಥ ಆಸಾಮಿ. ಚಿಕ್ಕಂದಿನಿಂದ ಅವನ ಹಿಂದೆಯೇ ಬೆಟ್ಟ ಹತ್ತಿದ ಡಾರ್ಲೀನ್ ಅದನ್ನು ತಪ್ಪಿಸಲೆಂದೇ ಈಗ ಅಂಗಡಿಗೆ ಬಂದಿದ್ದಳು.

"ಸೆವೆನ್ ಮ್ಯಾಗ್ನಮ್ ತೋಟಾದ್ದು ತಗೊಂಡು ಹೋಗಮ್ಮ," ಎಂದ ಹಾಲ್ವರ್ಸನ್. "ಗೆರೆ ಎಳೆದ ಹಾಗೆ ಹೋಗುತ್ತೆ."

"ಅದರ ಒದೆತಕ್ಕೆ ಅಪ್ಪನ ಭುಜಾನೂ ಹೋಗುತ್ತೆ. ಟೂ-ಸೆವೆಂಟಿ ಕೊಡಿ. ಅದೂ ನೇರಾನೇ ಹೋಗುತ್ತೆ, ಇಷ್ಟು ಒದೆಯಲ್ಲ."

ಅವಳು ಮನೆಗೆ ತಂದ, ಪೆನ್ನಿನಂಥ ಸಪೂರ ತೋಟಾವನ್ನು ಬೆರಳಲ್ಲಿ ತಿರುಗಿಸಿ ನೋಡಿ ಆರ್ವಲ್ ಅಣಕಿಸಿದ. "ಇದೇನೇ, ಜಿಂಕೆಗೆ ಕಾಗದ ಬರೀಬೇಕಾ?" ಆದರೂ ಇಬ್ಬರೂ ಮೈದಾನಕ್ಕೆ ಹೋಗಿ ನೂರು ಗಜದಲ್ಲಿ ಗುಂಡು ಗುರಿಗಿಂತ ಮೂರು ಇಂಚು ಮೇಲೆ ಬೀಳುವಂತೆ ರೈಫಲ್ ಹೊಂದಿಸಿದರು.

"ಇನ್ನು ಮುನ್ನೂರು ಗಜದ ತನಕ ಲೆಕ್ಕಾನೇ ಬೇಡ ಅಪ್ಪಾ. ಎದೆಗೆ ಗುರಿ ಇಡು, ಸಾಕು."

ಬೇಟೆಯ ಮೊದಲ ಬೆಳಗ್ಗೆಯೇ ಹಳ್ಳದಾಚೆಯ ದಿಬ್ಬದ ಮೇಲೆ ದೊಡ್ಡ ಗಂಡು ಜಿಂಕೆಯೊಂದು ಕಾಣಿಸಿತು. ಆರ್ವಲ್ ಮಲಗಿ, ಚೀಲದ ಮೇಲೆ ರೈಫಲ್ ಊರಿ ಹೊಡೆದ. ಜಿಂಕೆಯ ಬೆನ್ನಿನ ಮೇಲ್ಗಡೆ ಧೂಳೆದ್ದಿತು. ಹಾಳು ಅಭ್ಯಾಸ! ಹಳೇ ತೋಟಾದ ಲೆಕ್ಕದಲ್ಲಿ ಬೆನ್ನಿಗಿಂತ ಮೇಲೆ, ಬರೀ ಗಾಳಿಗೆ ಗುರಿ ಇಟ್ಟಿದ್ದ. ಜಿಂಕೆ ನಾಲ್ಕು ನೆಗೆತ ನೆಗೆದು, ತನ್ನ ಜಾತಿಯ ಚಾಳಿಯಂತೆ ನಿಂತು ತಿರುಗಿ ನೋಡಿತು.

ಆರ್ವಲ್ ರೈಫಲನ್ನು ಡಾರ್ಲೀನಳತ್ತ ಸರಿಸಿದ. "ನೀನೇ ಹೊಡಿ ಮಗಳೇ. ನನ್ನಿಂದಾಗಲ್ಲ."

"ಆಗುತ್ತೆ. ಗಾಳಿಗಲ್ಲಪ್ಪಾ, ಅದರ ಎದೆಯ ಕೂದಲಿಗೇ ಗುರಿ ಇಡು."

"ಅಷ್ಟು ದೂರ ಇದೆ ಕಣೇ, ಗುಂಡು ಕೆಳಗಿಳಿದು ಮತ್ತೆ ಕಾಲಿಗೇ ಬಡಿಯುತ್ತೆ!"

"ಬಡಿಯಲ್ಲ, ಮುನ್ನೂರು ಗಜದೊಳಗೇ ಇದೆ. ನಿನ್ನ ಲೆಕ್ಕ ಬಿಡು, ನನ್ನ ಮಾತು ಕೇಳು."

ಹುಟ್ಟಿದಾಗಿನಿಂದ ಯಾರ ಮಾತೂ ಕೇಳಿದ ಮನುಷ್ಯನಲ್ಲ ಅದು. ಉಸಿರು ಬಿಟ್ಟು, ಗುರಿ ಇಳಿಸಿ, ಹೊಡೆದ. ಜಿಂಕೆ ನಿಂತಲ್ಲೇ ಕುಸಿಯಿತು.

ಹಳ್ಳ ದಾಟಿ ಹೋಗಿ ಅದರ ಕುತ್ತಿಗೆಯ ಮೇಲೆ ಕೈಯಿಟ್ಟು ಅವನು ಕುಳಿತ. "ಬಲಗಣ್ಣು ಮಂಜಾಗಿದೆ ಕಣೇ. ದೂರದ ಅಂದಾಜೇ ಸಿಗ್ತಿಲ್ಲ."

"ಗೊತ್ತು. ನೀನು ನಮ್ಮನೆ ಗೇಟಿಗೆ ಗಾಡಿ ಗುದ್ದಿದ್ಯಲ್ಲ, ಆವಾಗ್ಲಿಂದ ಗೊತ್ತು."

"ಮತ್ತೆ ಬಾಯಿ ಬಿಡ್ಲಿಲ್ಲ?"

"ಬಿಟ್ಟಿದ್ರೆ ನೀನು ಬರೋದೇ ನಿಲ್ಲಿಸ್ತಿದ್ದೆ. ನೀನಿಲ್ದೆ ಈ ಬೆಟ್ಟಕ್ಕೆ ನಾನು ಯಾರ ಜೊತೆ ಬರ್ಲಿ, ಅಪ್ಪಾ?"

ಆರ್ವಲ್ ಮುಖ ಆಚೆ ತಿರುಗಿಸಿ ಮೂಗೊರೆಸಿಕೊಂಡ.

"ಹಾಗಾದ್ರೆ ಬರೋ ವರ್ಷಾನೂ ಪಕ್ಕದಲ್ಲೇ ಇರ್ಬೇಕು ನೀನು," ಎಂದ. "ಎಲ್ಲಿ ಗುರಿ ಇಡ್ಬೇಕು ಅಂತ ಹೇಳೋಕೆ."